ಮಾವನ ಎಡಗಡೆ, ಕಾರಿನ ಬಲಗಡೆ

ನಮ್ಮ ಮಾವ ಮೂವತ್ತೆರಡು ವರ್ಷ ಪುಸ್ತಕದ ವ್ಯಾನ್ ಓಡಿಸಿದವರು. ಲೈಬ್ರರಿ ಇಲ್ಲದ ಬಡಾವಣೆಗಳಿಗೆ ವಾರಕ್ಕೊಮ್ಮೆ ಪುಸ್ತಕ ತುಂಬಿಕೊಂಡು ಹೋಗುವ ವ್ಯಾನು ಅದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ತಿರುವಿನಲ್ಲಿ ಕಪಾಟಿನ ಪುಸ್ತಕಗಳೆಲ್ಲ ದಬದಬನೆ ಉರುಳಿ, ಲೈಬ್ರರಿಯಮ್ಮ ಅವುಗಳ ಮಧ್ಯೆ ಕೂತು ಅತ್ತೇ ಬಿಟ್ಟರಂತೆ. ಅವತ್ತಿನಿಂದ ಮಾವ ಒಂದು ಪುಸ್ತಕವೂ ಜಾರದ ಹಾಗೆ ಗಾಡಿ ತಿರುಗಿಸುವುದನ್ನು ಕಲಿತರು. ಓದುಗರು ಅವರಿಗೆ 'ನಿಧಾನಪ್ಪ' ಅಂತ ಹೆಸರಿಟ್ಟರು. ಮಾವನಿಗೆ ಅದು ಪದಕ ಸಿಕ್ಕಷ್ಟು ಖುಷಿ.

ನಿವೃತ್ತಿಯಾದ ಮೇಲೆ ಒಂದು ಹಳೇ ಕಾರು ಕೊಂಡರು. ನಾಲ್ಕು ವರ್ಷ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದರು. ಅಷ್ಟರಲ್ಲಿ ಕಣ್ಣು ಮಂಜಾಗತೊಡಗಿತು. ಡಾಕ್ಟರ್ ಬೇಡ ಅನ್ನುವ ಮೊದಲೇ, ಗೇಟಿನ ಕಂಬಕ್ಕೆ ಕಾರಿನ ಕನ್ನಡಿ ತಗುಲಿದ ದಿನ, ಅವರೇ ಒಳಗೆ ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು.

"ಇನ್ಮೇಲೆ ನೀನು ಓಡಿಸಮ್ಮ. ನಾನು ಪಕ್ಕದಲ್ಲಿರ್ತೀನಿ."

ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಸ್ಟೀರಿಂಗ್ ಕಂಡರೇ ಆಗುವುದಿಲ್ಲ. ಹಾಗಾಗಿ ಕೀಲಿ ಸೊಸೆಗೆ ಬಂತು. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಬಾನೆಟ್ ಎತ್ತಿದ್ದು ಜೀವನದಲ್ಲಿ ಒಂದೇ ಸಲ, ಅದೂ ಡಿಕ್ಕಿ ತೆಗೆಯಲು ಹೋಗಿ.

ಹೋದ ತಿಂಗಳು ಕಣ್ಣಿನ ಆಸ್ಪತ್ರೆಯಿಂದ ಬರುವಾಗ, ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ, ಮೂರನೇ ಸಲ ನಿಂತೇ ಹೋಯಿತು. ಹಿಂದಿನವರು ಹಾರನ್ ಹೊಡೆಯತೊಡಗಿದರು. ನಾನು ಸುಮ್ಮನೆ ಕೀಲಿ ತಿರುಗಿಸುತ್ತಲೇ ಇದ್ದೆ. ಮಾವ ಮಾತ್ರ ತಲೆ ಓರೆ ಮಾಡಿ, ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟುತ್ತಿದ್ದಾರೇನೋ ಅನ್ನುವ ಹಾಗೆ ಕೂತಿದ್ದರು.

"ಸಮತಟ್ಟಲ್ಲಿ ಸರಿಯಾಗೇ ಓಡ್ತು. ಏರಲ್ಲಿ ಪೆಟ್ರೋಲ್ ಸಾಲ್ತಿಲ್ಲ ಅದಕ್ಕೆ. ಫಿಲ್ಟರ್ ಕಟ್ಟಿಕೊಂಡಿದೆ," ಅಂದರು. "ಗ್ಯಾರೇಜೂ ಬೇಡ, ಏನೂ ಬೇಡ. ಅಂಗೈಯಷ್ಟು ಸಾಮಾನು. ಭಾನುವಾರ ನಾವೇ ಹಾಕೋಣ."

"ನಾವು ಅಂದ್ರೆ?"

"ಬಾಯಿ ನಂದು, ಕೈ ನಿಂದು."

ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದಾಗ ಕಾರು ಹೇಗೋ ಮನೆ ಮುಟ್ಟಿಸಿತು. ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಳಕ್ಕೆ ಬಂದರು. ನಾನು ನನ್ನ ಅತಿ ಹಳೇ ಚೂಡಿದಾರ್ ಹಾಕಿಕೊಂಡಿದ್ದೆ. ಎಂಜಿನ್ ರಾತ್ರಿಯಿಂದ ತಣ್ಣಗಿತ್ತು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಸಿದರು. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ, "ಒಲೆ ಆರಿಸು. ಇಲ್ಲಿ ಪೆಟ್ರೋಲ್ ಪೈಪು ಬಿಚ್ತಾ ಇದೀವಿ," ಅಂದರು.

"ಆರಿಸ್ತೀನಿ," ಅತ್ತೆ ಕಿಟಕಿಯಲ್ಲಿ ಕಾಣಿಸಿಕೊಂಡರು. "ಆಮೇಲೆ ಕಾಫಿ ಕಾಫಿ ಅಂತ ಜಪ ಮಾಡಬೇಡ್ರಿ ಮತ್ತೆ."

ಫಿಲ್ಟರ್ ಬೇಗ ಸಿಕ್ಕಿತು. ಎಂಜಿನ್ ಪಕ್ಕದಲ್ಲಿ, ಔಷಧಿ ಶೀಶೆಯಂಥ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಎರಡು ತುದಿಗೂ ಒಂದೊಂದು ರಬ್ಬರ್ ಪೈಪು, ಪೈಪು ಕಳಚದ ಹಾಗೆ ಹಿಡಿದ ಕ್ಲಿಪ್ಪು. ಒಳಗೆಲ್ಲ ಕಂದು ಕಸ. ಮಾವ ಹೊಸ ಫಿಲ್ಟರನ್ನು ಹೆಬ್ಬೆರಳಲ್ಲಿ ಸವರಿ, ಮೈಮೇಲೆ ಉಬ್ಬಿಕೊಂಡಿದ್ದ ಬಾಣದ ಗುರುತನ್ನು ನನಗೂ ಮುಟ್ಟಿಸಿದರು.

"ಪೆಟ್ರೋಲ್ ಹೋಗೋ ದಿಕ್ಕಿದು. ಬಾಣ ಎಂಜಿನ್ ಕಡೆ ನೋಡ್ತಿರಬೇಕು. ತಿರುಗುಮುರುಗು ಹಾಕಿದ್ರೆ ಮಾಡಿದ ಕೆಲಸ ಎಲ್ಲ ದಂಡ. ಎಡಗಡೆ ಪೈಪು ಟ್ಯಾಂಕಿಂದ ಬರೋದು. ಎಳೆದ ತಕ್ಷಣ ಪೆಟ್ರೋಲ್ ಸುರಿಯುತ್ತೆ. ಈ ಪೆನ್ಸಿಲ್ ತುಂಡನ್ನ ಪೈಪಿನ ಬಾಯಿಗೆ ತುರುಕಿಬಿಡು."

ಕ್ಲಿಪ್ ಸಡಿಲಿಸಿ, ಕೆಳಗೆ ಬೋಗುಣಿ ಇಟ್ಟು, ಎಡಗಡೆಯ ಪೈಪು ಎಳೆದೆ. ಎರಡು ಹನಿ ಬಿದ್ದು ನಿಂತಿತು. ಪೆನ್ಸಿಲ್ ಹಿಡಿದುಕೊಂಡು ಕಾದೆ, ಮತ್ತೇನೂ ಬರಲಿಲ್ಲ. ಬಲಗಡೆಯದನ್ನು ಎಳೆದೆ ನೋಡಿ, ತಣ್ಣನೆಯ ಪೆಟ್ರೋಲ್ ಮೊಣಕೈವರೆಗೂ ಹರಿಯಿತು! ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹೇಗೋ ಪೆನ್ಸಿಲ್ ತುರುಕಿದೆ.

"ಮಾವ, ಪೆಟ್ರೋಲ್ ಬಂದಿದ್ದು ಬಲಗಡೆಯಿಂದ."

"ಬರೋಕೆ ಸಾಧ್ಯ ಇಲ್ಲ."

ಮದುವೆಯಾಗಿ ಒಂಬತ್ತು ವರ್ಷ. ಗಾಡಿಯ ವಿಷಯದಲ್ಲಿ ಅವರ ಮಾತಿಗೆ ನಾನು ಒಂದು ದಿನವೂ ಎದುರಾಡಿದ್ದಿಲ್ಲ. ಸುಮ್ಮನೆ ಅವರು ಹೇಳಿದ ಹಾಗೇ ಹಾಕಿಬಿಡಲೇ ಅನ್ನಿಸಿತು. ಇಸ್ತ್ರಿ ಅಂಗಿಯಲ್ಲಿ ನೆಟ್ಟಗೆ ನಿಂತಿದ್ದ ಅವರನ್ನು ನೋಡಿದರೆ ಬಾಯಿ ಬರುತ್ತಿರಲಿಲ್ಲ. ಆದರೆ ಮತ್ತೆ ಅದೇ ಏರಿನಲ್ಲಿ ಇವರನ್ನು ಕೂರಿಸಿಕೊಂಡು ನಿಂತರೆ?

"ಇಲ್ಲ ಮಾವ, ಬಲಗಡೆಯಿಂದಲೇ. ನೀವೇ ನೋಡಿ," ಅಂದು ನಾಲಿಗೆ ಕಚ್ಚಿಕೊಂಡೆ. ನೋಡಲು ಅವರಿಂದ ಆಗುವ ಹಾಗಿದ್ದರೆ ನಾನು ಅಲ್ಲಿ ಯಾಕೆ ಇರುತ್ತಿದ್ದೆ!

ಅವರು ಕೈ ಚಾಚಿದರು. ನಾನು ಅವರ ತೋರುಬೆರಳನ್ನು ಹಿಡಿದು ಬಲಗಡೆಯ ಪೈಪಿನ ಮೇಲಿಟ್ಟೆ. ಬೆರಳು ಪೈಪಿನ ಜಾಡು ಹಿಡಿದು ಮೆಲ್ಲಗೆ ಹಿಂದಕ್ಕೆ ಹೋಯಿತು, ಬಾಗಿತು, ಟ್ಯಾಂಕಿರುವ ಹಿಂಭಾಗದ ಕಡೆ ಕಾರಿನ ಹೊಟ್ಟೆಯಡಿ ಇಳಿಯಿತು. ಮತ್ತೆ ವಾಪಸ್ ಬಂದು ಎಡಗಡೆಯದನ್ನು ಹುಡುಕಿತು. ಅದು ಗೇಣುದ್ದ ಹೋಗಿ ಎಂಜಿನ್ನಿಗೆ ಅಂಟಿಕೊಂಡಿತ್ತು.

ಮಾವ ಆ ಗೇಣುದ್ದದ ಪೈಪನ್ನು ಇನ್ನೊಮ್ಮೆ ಸವರಿದರು.

"ಎಡಗಡೆ ಇದ್ದಿದ್ದು ವ್ಯಾನಿಗೆ," ಅಂದರು ಕೊನೆಗೆ. "ಕಣ್ಣು ಹೋದ್ರೂ ಕೈಗೆ ಎಲ್ಲಾ ಗೊತ್ತಿದೆ ಅಂದ್ಕೊಂಡಿದ್ದೆ."

"ಈಗ ಗೊತ್ತು ಮಾಡಿಕೊಂಡಿದ್ದೂ ಕೈಯೇ ಅಲ್ವಾ ಮಾವ?"

ಅವರ ಮುಖ ಸ್ವಲ್ಪ ಸಡಿಲವಾಯಿತು. "ಹೂಂ. ಹಾಕು. ನೀನು ಹೇಳಿದ ಹಾಗೇ ಹಾಕು."

ಬಾಣವನ್ನು ಎಡಕ್ಕೆ ತಿರುಗಿಸಿ ಫಿಲ್ಟರ್ ಕೂರಿಸಿದೆ. ಪೈಪು ಒಳಕ್ಕೆ ಹೋಗಲು ಸತಾಯಿಸಿತು. ಮಾವ ಫಿಲ್ಟರ್ ಗಟ್ಟಿ ಹಿಡಿದುಕೊಂಡರು, ನಾನು ಹಲ್ಲು ಕಚ್ಚಿ ತಳ್ಳಿದೆ. ಅವರ ಅಂಗಿಯ ತೋಳಿಗೆ ಕಪ್ಪು ಮೆತ್ತಿತು. ಕ್ಲಿಪ್ ಬಿಗಿ ಮಾಡಿ, ಸುರಿದದ್ದನ್ನೆಲ್ಲ ಒರೆಸಿ, ವಾಸನೆ ಆರುವವರೆಗೆ ಕಾದು, ಬ್ಯಾಟರಿ ತಂತಿ ಹಾಕಿ ಕೀಲಿ ತಿರುಗಿಸಿದೆ. ಬರೀ ಕಿರ್ ಕಿರ್. "ಮಾವ, ಹಿಡೀತಾ ಇಲ್ಲ!" ಅಂದೆ.

"ಗಾಬರಿ ಬೇಡ. ಹೊಸ ಡಬ್ಬಿ ತುಂಬಬೇಕಲ್ಲ. ಸ್ವಲ್ಪ ಬಿಟ್ಟು ಮತ್ತೆ ತಿರುಗಿಸು."

ನಾಲ್ಕನೇ ಸಲಕ್ಕೆ ಎಂಜಿನ್ ಹಿಡಿಯಿತು. ಮಾವ ಒಣ ಬಟ್ಟೆಯಲ್ಲಿ ಪೈಪಿನ ಎರಡೂ ಕೀಲುಗಳನ್ನು ಒರೆಸಿ, ಬಟ್ಟೆಯನ್ನು ಮೂಗಿಗೆ ಹಿಡಿದು, "ಸೋರ್ತಿಲ್ಲ," ಅಂದರು. ಆಮೇಲೆ ಕಿಟಕಿಯತ್ತ ಕೂಗಿದರು. "ಒಲೆ ಹಚ್ಚು! ಮೊದಲು ಇವಳಿಗೆ ಕೊಡು ಕಾಫಿ. ಟ್ಯಾಂಕಿನ ಪೈಪು ಯಾವ ಕಡೆ ಇದೆ ಅಂತ ನನಗೆ ತೋರಿಸಿಕೊಟ್ಟಿದ್ದಾಳೆ."

ಮಧ್ಯಾಹ್ನ ಮೂವರೂ ಹೋಗಿ ಆ ಏರನ್ನು ಎರಡು ಸಲ ಹತ್ತಿ ಬಂದೆವು. ಒಂದು ಸಲವೂ ಕೆಮ್ಮಲಿಲ್ಲ.

ಸಂಜೆ ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದರು. ಅವರ ಕಾರೂ ಏರಿನಲ್ಲಿ ತಿಣುಕುತ್ತಿತ್ತಂತೆ, ಮಾವ ಅದರ ಶಬ್ದ ಸ್ವಲ್ಪ ಕೇಳಿ ನೋಡಬೇಕಂತೆ. ಸ್ನಾನದ ಮನೆಯಲ್ಲಿ ಪೆಟ್ರೋಲ್ ವಾಸನೆ ಹೋಗಲೆಂದು ಎರಡನೇ ಸಲ ಸೋಪು ಹಚ್ಚಿಕೊಳ್ಳುತ್ತಿದ್ದ ನನಗೆ ಮಾವನ ದನಿ ಸ್ಪಷ್ಟವಾಗಿ ಕೇಳಿಸಿತು.

"ಕೂತ್ಕೊಳ್ಳಿ ಮೇಷ್ಟ್ರೇ. ಶಬ್ದ ಕೇಳಿ ಹೇಳೋದು ನಾನು ಹೇಳ್ತೀನಿ. ಆದ್ರೆ ಬಿಚ್ಚೋ ವಿಷಯ ನಮ್ಮ ಮೆಕ್ಯಾನಿಕ್‌ನ ಕೇಳಬೇಕು. ಸ್ನಾನಕ್ಕೆ ಹೋಗಿದ್ದಾಳೆ, ಈಗ ಬರ್ತಾಳೆ."