ಹೆಪ್ಪು ಕೊಡುವ ಊರು

ಪೂವಪ್ಪ ತೀರಿಕೊಂಡು ಹತ್ತು ತಿಂಗಳಾಯಿತು. ಅವನ ತಾಲೂಕು ಪುಸ್ತಕ ಈಗ ನನ್ನ ಬಳಿ ಇದೆ. ಹೊಟೇಲಿನ ಸ್ಟೋರಿನಲ್ಲಿ ಇಡುವಂಥ ಉದ್ದನೆಯ ರಿಜಿಸ್ಟರ್. ಅಕ್ಕಿ, ಬೇಳೆ ಎಂದು ಬರೆಯಬೇಕಾದ ಕಡೆ ಅವನು ಮುರಬಾಡ, ಶಹಾಪುರ, ಕರ್ಜತ್, ಜವ್ಹಾರ್ ಎಂದು ಬೊಂಬಾಯಿ ಸುತ್ತಲಿನ ತಾಲೂಕುಗಳನ್ನು ಬರೆದಿದ್ದಾನೆ.

ನಾವಿಬ್ಬರೂ ಅಂಧೇರಿಯ ಒಂದೇ ಹೊಟೇಲಿನ ಅಟ್ಟದಲ್ಲಿ ಮಲಗಿ, ಒಂದೇ ಕನ್ನಡ ರಾತ್ರಿಶಾಲೆಯಲ್ಲಿ ಓದಿ ದೊಡ್ಡವರಾದವರು. ಕಾಪುವಿನ ಹತ್ತಿರದ ಹಳ್ಳಿಯಿಂದ ಬಂದಾಗ ಅವನಿಗೆ ಹನ್ನೊಂದು ವರ್ಷ. ನನಗೆ ಪುಸ್ತಕದ ಹುಚ್ಚು ಹಿಡಿಯಿತು, ಅವನಿಗೆ ಗೋಣಿಯದ್ದು. ಮೂವತ್ತು ವರ್ಷಕ್ಕೂ ಮೀರಿ ಸ್ಟೋರ್ ನೋಡಿಕೊಂಡ. ಅಕ್ಕಿ ಬಂದರೆ ತೋಳು ಪೂರ್ತಿ ಇಳಿಸಿ ತಳದಿಂದ ಹಿಡಿ ತೆಗೆಯುತ್ತಿದ್ದ. ಮೇಲಿನದ್ದು ವ್ಯಾಪಾರಿಯ ಅಕ್ಕಿ, ತಳದ್ದು ನಮ್ಮ ಅಕ್ಕಿ ಎನ್ನುತ್ತಿದ್ದ.

ಲಾಕ್‌ಡೌನಿನಲ್ಲಿ ಹೊಟೇಲು ಮುಚ್ಚಿತು. ಚೆಂಬೂರಿನ ಮನೆಯ ಗ್ಯಾಲರಿಯಲ್ಲಿ ನಿಂತು ಅವನು, ಹೈವೇಯ ಮೇಲೆ ಗಂಟು ಹೊತ್ತು ನಡೆದುಹೋಗುವವರನ್ನು ದಿನವಿಡೀ ನೋಡಿದ. ಅಂದು ನನಗೆ ಫೋನು ಮಾಡಿ ಹೇಳಿದ ಮಾತು ಮರೆತಿಲ್ಲ.

“ಸದಾ, ಇಷ್ಟು ವರ್ಷ ಸ್ಟೋರ್ ನೋಡಿದೆ. ಈ ಶಹರಕ್ಕೆ ಸ್ಟೋರೇ ಇಲ್ಲ ಮಾರಾಯ. ಬರೀ ಅಡುಗೆಮನೆ.”

ಹಾಗೆ ಶುರುವಾಯಿತು. ರಿಟೈರ್ ಆದ ಮೇಲೆ ಗಂಡ ಹೆಂಡತಿ ಹೋಗಿ ನೆಲೆಸಲು ಒಂದು ಊರು ಬೇಕು. ರಸ್ತೆ, ಕರೆಂಟು ಎರಡೂ ಮೂರು ತಿಂಗಳು ನಿಂತರೂ ಅಲ್ಲಿ ಒಲೆ ಉರಿಯಬೇಕು. ಕಾಪುವಿಗೇ ಹೋಗಬಹುದಲ್ಲ ಎಂದರೆ ಒಪ್ಪಲಿಲ್ಲ. ರೈಲೂ ನಿಂತರೆ? ಮನೆಯಿಂದ ನಡೆದು ತಲುಪುವಷ್ಟು ದೂರದಲ್ಲಿರಬೇಕು. ಹೆಂಡತಿ ನೀಲಾವತಿಯ ಮೊಣಕಾಲಿನ ಲೆಕ್ಕದಲ್ಲಿ ನಾಲ್ಕು ದಿನದ ದಾರಿ.

ಹೀಗೆ ಭಾನುವಾರಗಳಂದು ನಾವಿಬ್ಬರೂ ಲೋಕಲ್ ಹಿಡಿದು, ಆಮೇಲೆ ಎಸ್‌ಟಿ ಬಸ್ಸು ಹತ್ತಿ ಹೊರಡತೊಡಗಿದೆವು. ಅದೂ ಮೇ ತಿಂಗಳ ಬಿಸಿಲಿನಲ್ಲಿ. ಮಳೆಗಾಲದಲ್ಲಿ ಬಾವಿ ನೋಡುವುದೆಂದರೆ ಮದುವೆಮನೆಯಲ್ಲಿ ಹೆಣ್ಣು ನೋಡಿದ ಹಾಗೆ, ಎಲ್ಲರೂ ಚೆಂದವೇ ಎನ್ನುವುದು ಅವನ ವಾದ. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಆಳ ಅಳೆಯುತ್ತಿದ್ದ. ಹೋದ ವರ್ಷದ ಬೀಜ ಯಾರ ಮನೆಯಲ್ಲಿದೆ, ಬೀಸುವ ಕಲ್ಲು ಇನ್ನೂ ತಿರುಗುತ್ತದೆಯೇ, ಹೊರಗಿನಿಂದ ಏನೇನು ಬರುತ್ತದೆ ಎಂದು ಹೊಟೇಲಿನ ಮರಾಠಿಯಲ್ಲಿ ವಿಚಾರಿಸುತ್ತಿದ್ದ. ಜನ ಅವನನ್ನು ಸರಕಾರದವನೆಂದು ತಿಳಿದು ನಲ್ಲಿಯ ದೂರು ಕೊಡುತ್ತಿದ್ದರು. ಅವನು ಅದನ್ನೂ ಬರೆದುಕೊಳ್ಳುತ್ತಿದ್ದ. ಬೊಂಬಾಯಿಗೆ ನೀರು ಕೊಡುವ ಅಣೆಕಟ್ಟುಗಳಿರುವ ಶಹಾಪುರದ ಹಳ್ಳಿಯೊಂದರಲ್ಲಿ ಟ್ಯಾಂಕರಿಗೆ ಸಾಲು ನಿಂತಿದ್ದ ಕೊಡಗಳನ್ನು ಕಂಡಾಗ ಮಾತ್ರ ಪೆನ್ನು ಮುಚ್ಚಿ ಜೇಬಿಗಿಟ್ಟ.

ನೀಲಾವತಿ ಇದಕ್ಕೆಲ್ಲ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವಳು ಬಾರದೆ ಅವನು ಹೋಗುವವನಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ತೀರ್ಪು ಕೊಟ್ಟಳು.

“ಬಾವಿ, ಬೀಜ ಎಲ್ಲ ನೀವೇ ನೋಡಿಕೊಳ್ಳಿ. ನಂದು ಒಂದೇ ಪರೀಕ್ಷೆ. ಗುರುತಿಲ್ಲದ ಮನೆಗೆ ಹೋಗಿ ಒಂದು ಚಮಚ ಹೆಪ್ಪು ಕೇಳಿ. ಕೊಟ್ಟ ಊರಿಗೆ ನಾನು ಬರ್ತೇನೆ, ಆಯ್ತಾ?”

ಮೆಣಸಿನ ತೊಟ್ಟು ಹಾಕಿದರೂ ಹಾಲು ಹೆಪ್ಪಾಗುತ್ತದಲ್ಲ ಎಂದೆ. ಅದು ನನಗೂ ಗೊತ್ತು ಸದಾನಂದಣ್ಣ ಎಂದು ಮತ್ತಷ್ಟು ಸಾರು ಹಾಕಿದಳು.

ಪೂವಪ್ಪ ಹೊಸ ಕಾಲಮ್ಮು ಎಳೆದ. ಅದರಲ್ಲಿ ಊರ ಮೇಲೆ ಊರು ಫೇಲಾಯಿತು. ಬಾವಿಯಲ್ಲಿ ಹತ್ತಕ್ಕೆ ಒಂಬತ್ತು ಪಡೆದ ಹಳ್ಳಿ ಹೆಪ್ಪಿನಲ್ಲಿ ಸೊನ್ನೆ. ಮಧ್ಯಾಹ್ನ ಕರೆದು ಚಹಾ ಕೊಟ್ಟ ಮನೆಯವರೇ ಸಂಜೆ ಚಮಚ ಮೊಸರು ಕೇಳಿದರೆ ಕೈಯಲ್ಲಾಡಿಸಿಬಿಡುತ್ತಿದ್ದರು. ದೀಪ ಹಚ್ಚಿ ಆಯಿತು, ಇನ್ನು ಇಲ್ಲ ಎನ್ನುತ್ತಿದ್ದರು. ಅವನು ಮುಖ ಸಣ್ಣದು ಮಾಡಿಕೊಂಡು, ‘ಆರೂವರೆಗೇ ಕೌಂಟರ್ ಬಂದ್’ ಎಂದು ಬರೆಯುತ್ತಿದ್ದ. ಎಂಟು ಹಳ್ಳಿಗಳ ಮುಂದೆ ಅದೇ ಸಾಲು ಇದೆ. ನೀಲಾವತಿಗೆ ಬರಲು ಮನಸ್ಸಿಲ್ಲ, ಅದಕ್ಕೇ ಆಗದ ಪರೀಕ್ಷೆ ಇಟ್ಟಿದ್ದಾಳೆ ಎಂದು ಬಸ್ಸಿನಲ್ಲಿ ಒಮ್ಮೆ ಮೆಲ್ಲಗೆ ಹೇಳಿದ. ಹಾಗೆ ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಒಂದು ಭಾನುವಾರ ನೀಲಾವತಿ ರಿಜಿಸ್ಟರ್ ಬಿಡಿಸಿ ಕೂತಳು. ಯಾವಾಗಲೂ ಸಂಜೆಯೇ ಯಾಕೆ ಕೇಳಿದಿರಿ ಎಂದಳು. ಪೂವಪ್ಪ ಸ್ಟೋರಿನವನ ಗತ್ತಿನಲ್ಲಿ ವಿವರಿಸಿದ: ಬೆಳಗ್ಗೆ ತೆಗೆದುಕೊಂಡರೆ ಹೆಪ್ಪು ಬಿಸಿಲಿಗೆ ಹುಳಿಯಾಗುತ್ತದೆ, ಹೊರಡುವ ಹೊತ್ತಿಗೆ ಕೊನೆಯ ಕೆಲಸವಾಗಿ ಕೇಳಬೇಕು. ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು.

“ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಯಾರು ಕೊಡ್ತಾರೆ ಮಾರಾಯ್ರೆ? ಮನೆಯ ಲಕ್ಷ್ಮಿ ಹೋಗ್ತಾಳೆ. ನೀವು ಕೇಳಿದ್ದರೆ ನಾನೂ ಕೊಡ್ತಿರಲಿಲ್ಲ.”

ನಮಗಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಹೊಟೇಲಿನಲ್ಲಿ ಮೊಸರಿಗೆ ಹೊತ್ತುಗೊತ್ತಿಲ್ಲ. ನಾನು ಮದುವೆಯಾಗಲಿಲ್ಲ. ಅವನು ಮದುವೆಯಾದರೂ, ಲಾಕ್‌ಡೌನಿನವರೆಗೆ ದೀಪ ಹಚ್ಚುವ ಹೊತ್ತಿಗೆ ಒಂದು ದಿನವೂ ಮನೆಯಲ್ಲಿದ್ದವನಲ್ಲ.

ಮುಂದಿನ ಭಾನುವಾರ ನಸುಕಿನ ಲೋಕಲ್ ಹಿಡಿದು, ಬಾವಿಯಲ್ಲಿ ಒಂಬತ್ತು ಪಡೆದ ಮುರಬಾಡ ತಾಲೂಕಿನ ಹಳ್ಳಿಗೆ ಹೋದೆವು. ಚಂದ್ರಭಾಗಾಬಾಯಿ ಎಂಬ ಮುದುಕಿ ಅವನನ್ನು ಗುರುತು ಹಿಡಿದು, ದೀಪದ ಹೊತ್ತಿಗೆ ಬಂದ ಮನುಷ್ಯ ನೀನೇ ಅಲ್ಲವೇ ಎಂದು ಚೆನ್ನಾಗಿ ಬೈದಳು. ಆಮೇಲೆ ಚಮಚವಲ್ಲ, ಡಬ್ಬಿ ತುಂಬ ಕೊಟ್ಟಳು. ಹಿಂತಿರುಗುವಾಗ ಅವನು ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಎದುರು ಸೀಟಿನವರಿಗೆಲ್ಲ ಕಾಲು ದೂರ ಇಡಲು ಹೇಳುತ್ತಾ ಬಂದ. ಮನೆ ತಲುಪುವಾಗ ಅದು ಬಾಯಿಗಿಡಲಾಗದಷ್ಟು ಹುಳಿಯಾಗಿತ್ತು. ನೀಲಾವತಿ ಅದರಲ್ಲೇ ಹೆಪ್ಪು ಹಾಕಿದಳು. ಮಳೆ ಕಳೆಯಲಿ, ಒಮ್ಮೆ ನಾನೂ ನೋಡುತ್ತೇನೆ ಎಂದಳು.

ಮಳೆ ಕಳೆಯುವವರೆಗೆ ಅವನು ಇರಲಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ಹಾಲು ತರಲು ಇಳಿದವನು ಮೆಟ್ಟಿಲಿನಲ್ಲೇ ಕೂತ. ಅಷ್ಟೇ. ಮುರಬಾಡದ ಪುಟದಲ್ಲಿ ಹೆಪ್ಪಿನ ಸೊನ್ನೆಯನ್ನು ಹೊಡೆದುಹಾಕಿ, ಹೊಸ ಅಂಕದ ಜಾಗವನ್ನು ಅವನು ಖಾಲಿ ಬಿಟ್ಟಿದ್ದಾನೆ. ಪಕ್ಕದಲ್ಲಿ ಸಣ್ಣಗೆ ‘ನೀಲಾ’ ಎಂದು ಬರೆದಿದೆ.

ಈ ಮೇ ತಿಂಗಳಲ್ಲಿ ನೀಲಾವತಿಯೇ ಫೋನು ಮಾಡಿ ಹೋಗೋಣ ಎಂದಳು. ಬಸ್ಸು ದಾರಿಯಲ್ಲಿ ಕೆಟ್ಟಿತು. ತಲುಪುವಾಗ ಚಂದ್ರಭಾಗಾಬಾಯಿಯ ಅಂಗಳದ ತುಳಸಿಯ ಮುಂದೆ ದೀಪ ಉರಿಯುತ್ತಿತ್ತು. ಪೂವಪ್ಪ ಇಲ್ಲವೆಂದು ನಾನು ಹೇಳಿದೆ. ಚಂದ್ರಭಾಗಾಬಾಯಿ ಸೆರಗು ಬಾಯಿಗೆ ಹಿಡಿದು ಕೂತಳು. ಆಮೇಲೆ ನೀಲಾವತಿ ತನ್ನ ಚೀಲದಿಂದ ಅದೇ ಡಬ್ಬಿ ತೆಗೆದು ಚಾಚಿ, ಒಂದು ಚಮಚ ಮೊಸರು ಕೇಳಿಯೇಬಿಟ್ಟಳು. ಅದೂ ದೀಪ ಹಚ್ಚಿದ ಮೇಲೆ.

ಮುದುಕಿ ಡಬ್ಬಿಯನ್ನು ನೋಡಿದಳು, ದೀಪವನ್ನು ನೋಡಿದಳು. ಈಗ ಕೊಡುವುದಿಲ್ಲ ಎಂದಳು. ಎದ್ದು ಒಳಗೆ ಹೋಗಿ ಚಾಪೆ, ಕೌದಿ ತಂದು ಪಡಸಾಲೆಯಲ್ಲಿ ಹಾಸಿದಳು. ಬೆಳಗ್ಗೆಯವರೆಗೆ ಇರು, ಆಗ ಕೊಡುತ್ತೇನೆ ಎಂದಳು.

ನೀಲಾವತಿ ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

“ಸದಾನಂದಣ್ಣ, ನಮ್ಮವರ ಪೆನ್ನು, ರಿಜಿಸ್ಟರ್ ತಂದಿದ್ದೀರಲ್ಲ? ಹತ್ತು ಹಾಕಿ.”