ನಲ್ಲಿಗೆ ಕಟ್ಟಿದ ಬಟ್ಟೆ

ವಾಷಿಂಗ್ ಮೆಷಿನ್ನಿನ ಗಾಜಿನ ಬಾಗಿಲ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಇಷ್ಟು ಬಿಸಿಗಾಗಿ ನಾನು ಪರದಾಡಿದ್ದನ್ನು ಹೇಳಿದರೆ ನಿಮಗೆ ನಗು ಬಂದೀತು. ನಗಿ, ಆದರೆ ಪೂರ್ತಿ ಕೇಳಿ.

ಸೊಂಟ ಮುರಿದು ಮಲಗಿದ ಅತ್ತೆಗೆ ಬೆನ್ನಲ್ಲಿ ಹುಣ್ಣಾಗಿತ್ತು. "ಚಾದರ ಬಿಸಿನೀರಲ್ಲೇ ಒಗೀರಿ, ನಂಜೇರಿದ್ರೆ ಉಳಿಸ್ಕೊಳ್ಳೋದು ಕಷ್ಟ" ಎಂದಿದ್ದರು ನರ್ಸಮ್ಮ. ಒಲೆಯ ಮೇಲೆ ಕುದಿಸಿ ಒಗೆಯಬಹುದಿತ್ತಲ್ಲ ಅನ್ನುತ್ತೀರಿ. ಒಗೆದೆ, ನನ್ನ ಮಂಡಿ ಕೈಕೊಡುವ ತನಕ. ಅತ್ತೆ ಬೀಳುವ ಸ್ವಲ್ಪ ಮುಂಚೆ, ನೀರು ಕಾಯಿಸುತ್ತದೆಂದೇ ಕೊಂಡ ಮೆಷಿನ್ನು ಮಾತ್ರ ತಣ್ಣೀರಲ್ಲೇ ತಿರುಗುತ್ತಿತ್ತು. ಅದರ ಪುಸ್ತಕ ಓದಿ ನಾನು ಅರ್ಧ ಇಂಜಿನಿಯರಾದೆ. ಗುಂಡಿಗಳನ್ನೆಲ್ಲ ಒತ್ತಿದೆ, ಬೈದೆ, ಒಮ್ಮೆ ಒದ್ದೂ ಬಿಟ್ಟೆ.

ಬೇಲೂರಿನಿಂದ ಬಂದ ಮೆಕ್ಯಾನಿಕ್ ಹಿಂಬದಿ ಬಿಚ್ಚಿ ನೋಡಿದ. "ಹೀಟರ್ ಚೆನ್ನಾಗೇ ಐತೆ ಕಣಕ್ಕ. ಕರೆಂಟೇ ಕಮ್ಮಿ ಬತ್ತೈತೇನೋ" ಎಂದು ಹೊರಟುಹೋದ. ಹುಣ್ಣು ದೊಡ್ಡದಾಗುತ್ತಿತ್ತು. ನನಗೆ ಹೆದರಿಕೆಯಾಗಿತ್ತು.

ನಾವು ಜೈನರು. ಸೋಸದ ನೀರನ್ನು ಅತ್ತೆ ಮುಟ್ಟಿದವರಲ್ಲ. ನೀರಿನ ಜೀವಗಳು ನಮ್ಮ ಕೈಯಲ್ಲಿ ಸಾಯಬಾರದು. ಮನೆಯ ನಲ್ಲಿಗಳಿಗೆಲ್ಲ ಎರಡು ಮಡಿಕೆಯ ಬಟ್ಟೆ ಕಟ್ಟಿರುತ್ತದೆ, ಹಾಗಾಗಿ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಬೆಳಿಗ್ಗೆ ಪೈಪು ಬಿಗಿ ಮಾಡಲು ಹೋದಾಗ ಬೆರಳಿಗೆ ಒದ್ದೆ ನೂಲು ಸಿಕ್ಕಿತು. ಮೆಷಿನ್ನು ಬಂದ ದಿನವೇ ಅತ್ತೆ ಅದರ ನಲ್ಲಿಗೂ ಬಟ್ಟೆ ಕಟ್ಟಿ, ಅದರ ಮೇಲೆ ಪೈಪು ಹಾಕಿಸಿದ್ದರು. ನೀರು ಹನಿಹನಿಯಾಗಿ ಬರುತ್ತಿತ್ತು. ಒಳಗೆ ಸಾಕಷ್ಟು ತುಂಬದೆ ಹೀಟರ್ ಹತ್ತುವುದಿಲ್ಲವೆಂದು ಪುಸ್ತಕದಲ್ಲಿ ಓದಿದ್ದೆ.

ಹೇಳದೆ ಬಿಚ್ಚಬಹುದಿತ್ತು. ಮನಸ್ಸು ಬರಲಿಲ್ಲ. "ಅತ್ತೆ, ಮೆಷಿನ್ ನಲ್ಲಿಯ ಬಟ್ಟೆ ತೆಗೀಲಾ? ನಿಮ್ಮ ಬೆನ್ನಿಗೋಸ್ಕರ."

ಅವರು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು: "ತೆಗೀಬೇಡ ಕಣೇ. ಹೋಗೋ ಹೊತ್ತಲ್ಲಿ ವ್ರತ ಕೆಡಿಸ್ಬೇಡ. ನೀನೇ ಕೊಡದಲ್ಲಿ ಸೋಸಿ ಹುಯ್ಯಿ."

ಹುಯ್ದೆ. ಸೋಪಿನ ಪುಡಿ ಹಾಕುವ ಗೂಡಿನಲ್ಲಿ ಕೊಡದ ಮೇಲೆ ಕೊಡ ಬಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಗಾಜು ಬೆಚ್ಚಗಾಯಿತು. ಆಮೇಲೆ ದಿನವೂ ಒಳಗಿನಿಂದ "ಸೋಸಿದ್ಯೇನೇ?" ಎಂಬ ಕೂಗು. ನನಗೆ ರೇಗುತ್ತಿತ್ತು, ಆದರೂ ಸೋಸಿಯೇ ಹುಯ್ಯುತ್ತಿದ್ದೆ. ಆದರೆ ನಂಜು ಆಗಲೇ ಏರಿತ್ತು. ಅತ್ತೆ ಉಳಿಯಲಿಲ್ಲ.

ಸೂತಕ ಕಳೆಯಿತು. "ಇನ್ನು ನಿನಗ್ಯಾಕೆ ಆ ಕಷ್ಟ?" ಎಂದು ನಮ್ಮ ಮನೆಯವರು ಇವತ್ತು ನಲ್ಲಿಯ ಬಟ್ಟೆ ಬಿಚ್ಚಿ ಕಿಟಕಿಯ ಮೇಲೆ ಹಾಕಿದರು. ಅತ್ತೆಯ ಕೊನೆಯ ಚಾದರ ಒಳಗಿತ್ತು. ನೀರು ಭೋರೆಂದು ತುಂಬಿತು, ತಾನಾಗಿಯೇ ಕಾದಿತು. ಯಾರೂ ಕೂಗಲಿಲ್ಲ.

ಮೆಷಿನ್ನು ನಿಂತಿತು. ಚಾದರ ಹೊರಗೆಳೆದೆ, ಕಲೆಯೆಲ್ಲ ಹೋಗಿತ್ತು. ಒಣಹಾಕಲು ಹಿತ್ತಲ ತನಕ ಹೋದವಳು ಹಿಂದಿರುಗಿದೆ. ಕಿಟಕಿಯ ಮೇಲಿದ್ದ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದೆ, ಚಾದರವನ್ನು ಬಕೆಟಿಗೆ ಹಾಕಿ ಇನ್ನೊಮ್ಮೆ ಜಾಲಿಸಿದೆ.

"ಸೋಸಿದೀನಿ ಅತ್ತೆ" ಎಂದೆ.