ರಫ್ ಕಟ್ಟಿನೊಳಗಿನ ತಪ್ಪೊಪ್ಪಿಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಸಾಯುವವರೆಗೂ ಬೈದಳು. ಈಗ ಆಕೆ ಇದ್ದಿದ್ದರೆ ಈ ಸಂಗತಿ ಕೇಳಿ ಇನ್ನೊಂದು ಸಲ ಬೈಯುತ್ತಿದ್ದಳು. ನಾನೂ ಎದುರಾಡದೆ ಬೈಸಿಕೊಳ್ಳುತ್ತಿದ್ದೆ.

ಬಳ್ಳಾರಿಯಲ್ಲಿ ಕೋರ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಮೊದಲು ಮಷಿನ್ನಿನ ಮೇಲೆ ಬಡಿಯುತ್ತಿದ್ದೆ, ಈಗ ಕಂಪ್ಯೂಟರು, ಪಕ್ಕಕ್ಕೊಂದು ಜೆರಾಕ್ಸು. ಇಪ್ಪತ್ತೈದು ವರ್ಷ ಆಯಿತು. ಬೆನ್ನು ಹೋಗಿದೆ, ಕಣ್ಣು ಹೋಗುತ್ತಿದೆ, ಮೇಲಿನ ತಗಡು ಮಧ್ಯಾಹ್ನದ ಹೊತ್ತಿಗೆ ಕಾದು ತಲೆ ಸಿಡಿಯುತ್ತದೆ. ಬಾಡಿಗೆ ಕರಾರು, ಜಾಮೀನು ಅರ್ಜಿ, ಅಫಿಡವಿಟ್ಟು, ಗಂಡ ಹೆಂಡತಿ ಜಗಳ, ಅಣ್ಣ ತಮ್ಮಂದಿರ ಜಗಳ ಎಲ್ಲ ಟೈಪು ಮಾಡಿ ಮಾಡಿ, ಮನುಷ್ಯರ ಮೇಲೆ ನನಗೆ ಉಳಿದಿದ್ದ ನಂಬಿಕೆ ಅಷ್ಟಕ್ಕಷ್ಟೇ.

ಕಂಪ್ಯೂಟರಿನಲ್ಲಿ ಒಂದು ಫೈಲು ಇದೆ. ಯಾರಿಗಾದರೂ ಅಪರಾಧ ಸಾಬೀತಾಯಿತು ಎಂದಾದ ಮೇಲೆ, ಎಷ್ಟು ಶಿಕ್ಷೆ ಕೊಡಬೇಕು ಎಂದು ನಿರ್ಧಾರ ಮಾಡುವ ಮುಂಚೆ, ಆತನಿಗೂ ಮಾತಾಡಲು ಒಂದು ಅವಕಾಶ ಕೊಡುತ್ತಾರೆ. ಕೆಲವು ವಕೀಲರು ಅದನ್ನು ಬರಹದಲ್ಲಿ ಕೊಡುತ್ತಾರೆ. ಆ ಬರಹದ ಫೈಲು ಅದು. 'ನನಗೆ ವಯಸ್ಸಾದ ತಾಯಿ ಇದ್ದು, ಓದುತ್ತಿರುವ ಇಬ್ಬರು ಮಕ್ಕಳಿದ್ದು, ಕುಟುಂಬಕ್ಕೆ ದುಡಿಯುವವನು ನಾನೊಬ್ಬನೇ ಆಗಿದ್ದು, ದಯವಿಟ್ಟು ಕನಿಷ್ಠ ಶಿಕ್ಷೆ ವಿಧಿಸಬೇಕಾಗಿ ಪ್ರಾರ್ಥನೆ.' ಸರ ಕಿತ್ತವನಿಗೂ ಇದೇ, ಮೋಟರು ಕದ್ದವನಿಗೂ ಇದೇ, ಸಾವಿರ ಮನೆಗೆ ಟೋಪಿ ಹಾಕಿದವನಿಗೂ ಇದೇ. ಹೆಸರು, ಕೇಸಿನ ನಂಬರು ಬದಲಾಯಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ಇನ್ನು ನನ್ನ ಅಕ್ಕ. ಆಕೆ ಇರುವುದು ಕುರುಗೋಡಿನಲ್ಲಿ, ನಮ್ಮ ತವರಿನ ಓಣಿಯಲ್ಲೇ. ಮದುವೆಯಾಗಲಿಲ್ಲ, ಹೊಲಿಗೆ ಮಷಿನ್ನಿನ ಮುಂದೆ ಕೂತೇ ವಯಸ್ಸು ಕಳೆದಳು. ಬ್ಲೌಸಿನ ಅಳತೆಗೆ ಟೇಪು ಹಿಡಿಯುತ್ತಿರಲಿಲ್ಲ, ಬಾಗಿಲಲ್ಲಿ ನಿಂತವಳನ್ನು ಒಂದು ಸಲ ನೋಡಿದರೆ ಸಾಕು. ಆಕೆಯ ಮನೆಯ ಮುಂದಿನ ಕೋಣೆಯಲ್ಲಿ ಯಾವಾಗಲೂ ನಾಲ್ಕು ಹೆಂಗಸರು ಇದ್ದೇ ಇರುತ್ತಿದ್ದರು. ಅರ್ಧ ಓಣಿಯ ಸುದ್ದಿ ಅಲ್ಲೇ ಹುಟ್ಟುತ್ತಿತ್ತು.

ಸಿರುಗುಪ್ಪದಲ್ಲಿ ಒಬ್ಬ ಉಳಿತಾಯದ ಕಂಪನಿ ತೆಗೆದ. ಅಕ್ಕಿ ಗಿರಣಿಗಳ ಕಡೆ ಹೋಗುವ ರಸ್ತೆಯಲ್ಲಿ ಮಹಡಿ ಮೇಲೆ ಆಫೀಸು, ಗಾಜಿನ ಬಾಗಿಲು. ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಅಂದ. ಅಕ್ಕ ಮೊದಲು ತನ್ನ ದುಡ್ಡು ಇಟ್ಟಳು. ಎರಡು ವರ್ಷ ಸರಿಯಾಗಿ ಬಡ್ಡಿ ಬಂತು. ಓಣಿಯ ಹೆಂಗಸರು ಕೇಳಿದರು, ಅಕ್ಕ ಅವರನ್ನು ಬಸ್ಸು ಹತ್ತಿಸಿಕೊಂಡು ಸಿರುಗುಪ್ಪಕ್ಕೆ ಕರೆದುಕೊಂಡು ಹೋದಳು. ಆತ ಎಲ್ಲರಿಗೂ ಒಗ್ಗರಣಿ ಮಂಡಕ್ಕಿ, ಮಿರ್ಚಿ, ಚಹಾ ತರಿಸಿದ. 'ಎಷ್ಟು ಮರ್ಯಾದಸ್ಥ' ಎಂದು ಅಕ್ಕ ನನಗೆ ಫೋನಿನಲ್ಲಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆಮೇಲಿನದ್ದು ಹೇಳಬೇಕಾಗಿಲ್ಲ. ಗಾಜಿನ ಬಾಗಿಲಿಗೆ ಬೀಗ ಬಿತ್ತು, ಆತ ಸಿಕ್ಕಿಬಿದ್ದು ಬಳ್ಳಾರಿ ಜೈಲಿಗೆ ಬಂದ, ಜಾಮೀನೂ ಸಿಗಲಿಲ್ಲ. ಎಲ್ಲರ ದುಡ್ಡೂ ಹೋಯಿತು. ಆದರೆ ಓಣಿಯವರು ಅಕ್ಕನ ಮೇಲೆ ತಿರುಗಿಬಿದ್ದರು. ಕಮಿಷನ್ ತಿಂದಿದ್ದಾಳೆ, ಅದಕ್ಕೇ ಕರೆದುಕೊಂಡು ಹೋಗಿದ್ದಳು, ಬೀಗ ಬೀಳುವುದು ಮೊದಲೇ ಗೊತ್ತಿತ್ತು ಎಂದರು. ಒಬ್ಬೊಬ್ಬರೇ ಬಟ್ಟೆ ವಾಪಸು ತೆಗೆದುಕೊಂಡು ಹೋದರು. ಅಳತೆಯ ಬ್ಲೌಸನ್ನು ಕೂಡ ಬಿಡಲಿಲ್ಲ. ಮುಂದಿನ ಕೋಣೆ ಖಾಲಿಯಾಯಿತು. ಅಕ್ಕ ಬಳ್ಳಾರಿಯ ಒಂದು ಅಂಗಡಿಗೆ ದಿಂಬಿನ ಕವರು ಹೊಲಿದುಕೊಡುತ್ತಾ ದಿನ ತಳ್ಳಿದಳು.

'ಅವನಿಗೆ ಎಷ್ಟು ವರ್ಷ ಕೊಡತಾರೋ ಕೊಡ್ಲಿ, ನನಗ ಅದು ಬ್ಯಾಡ,' ಎಂದಳು ಒಂದು ಸಲ. 'ಆ ಹೊಲಿಗ್ಯಾಕಿಗೆ ಏನೂ ಗೊತ್ತಿರಲಿಲ್ಲ ಅಂತ ಕೋರ್ಟಿನ್ಯಾಗ ಒಂದು ಮಾತು ಅವಾ ಅಂದ್ರ ಸಾಕು. ನನ್ನ ಮಾತು ಯಾರೂ ನಂಬಂಗಿಲ್ಲ. ಕಳ್ಳ ಹೇಳಿದ್ರ ನಂಬತಾರ ನೋಡು.'

'ಹುಚ್ಚಿ ಅದೀ ನೀನು. ಅವಾ ಯಾಕ ಹೇಳತಾನ?' ಎಂದೆ.

ಕೇಸು ನಡೆಯಿತು, ಅಪರಾಧ ಸಾಬೀತಾಯಿತು. ಶಿಕ್ಷೆ ಎಷ್ಟು ಅನ್ನುವುದು ಮರುದಿನಕ್ಕೆ. ಆ ಸಂಜೆ ಆತನ ವಕೀಲರ ಗುಮಾಸ್ತ ಅಂಗಡಿಗೆ ಬಂದ. ಹತ್ತು ವರ್ಷದ ಪರಿಚಯ, ನಗುನಗುತ್ತಾ ಮಾತಾಡುವ ಮನುಷ್ಯ. ಕೈಯಲ್ಲಿ ಎರಡು ಹಾಳೆ.

'ಅಕ್ಕಾರ, ಇದು ಅವಾ ಜೈಲಿನ್ಯಾಗ ಬರದು ಕೊಟ್ಟದ್ದು. ಸಾಹೇಬ್ರು ನೋಡಿ ಬ್ಯಾಡ ಅಂದ್ರು. ನೀವು ನಿಮ್ಮ ಯಾವತ್ತಿಂದು ಹೊಡದುಬಿಡ್ರಿ, ಹೆಸರು ಬದಲಿ ಮಾಡಿ.'

ಹೆಸರು ನೋಡಿದೆ. ಮೈ ಉರಿದುಹೋಯಿತು. ಮೊದಲ ಹಾಳೆಯ ಮೇಲೆ ಜೈಲಿನ ಸೀಲು, ಕೆಳಗೆ ದುಂಡಗಿನ ಅಕ್ಷರದಲ್ಲಿ 'ಮಾನ್ಯರೇ, ನಾನು ಮಾಡಿದ ತಪ್ಪಿಗೆ ಕ್ಷಮೆ ಕೇಳಲು ನನಗೆ ಮುಖವಿಲ್ಲ' ಅಂತ ಇತ್ತು. ಅಷ್ಟೇ ಓದಿದ್ದು. ಮುಖವಿಲ್ಲದವನು ಎರಡು ಪುಟ ಯಾಕೆ ಬರೆದ ಎಂದು ಬಾಯಿಗೆ ಬಂದಂತೆ ಬೈದೆ. ನಮ್ಮಕ್ಕನ ಬಾಳು ಹಾಳು ಮಾಡಿ ಈಗ ನಾಟಕ ಆಡುತ್ತಾನೆ ಎಂದೆ. ಗುಮಾಸ್ತ ನಕ್ಕ. ನನ್ನ ಫೈಲು ತೆಗೆದು, ಹೆಸರು ಹಾಕಿ, ಪ್ರಿಂಟು ಕೊಟ್ಟೆ. ಆ ಎರಡು ಹಾಳೆಯನ್ನು ರಫ್ ಕಟ್ಟಿಗೆ ಎಸೆದೆ. ಒಂದು ಮಗ್ಗುಲು ಖಾಲಿ ಇರುವ ಹಾಳೆಗಳನ್ನು ನಾವು ಬಿಸಾಡುವುದಿಲ್ಲ. ಪ್ರಿಂಟರು ಸರಿ ಇದೆಯಾ ನೋಡಲು, ಗಿರಾಕಿಗಳಿಗೆ ಲೆಕ್ಕ ಗೀಚಿಕೊಡಲು ಬೇಕಾಗುತ್ತವೆ. ಅದಕ್ಕೇ ರಫ್ ಕಟ್ಟು ಅನ್ನುವುದು.

ಮರುದಿನ ಅಕ್ಕ ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ವಕೀಲರು ನನ್ನ ಟೈಪಿನ ಹಾಳೆ ಕೊಟ್ಟರು. ಶಿಕ್ಷೆಯ ಬಗ್ಗೆ ನೀವೇನಾದರೂ ಹೇಳುವುದಿದೆಯೇ ಎಂದು ಜಡ್ಜು ಆತನನ್ನೇ ಕೇಳಿದರು.

ಆತ ತಿರುಗಿ ಜನರ ಕಡೆ ನೋಡಿದ. ತೆಳ್ಳಗಾಗಿದ್ದ. 'ಎಲ್ಲಾ ಬರದು ಕೊಟ್ಟೀನ್ರಿ, ಸಾಹೇಬ್ರ. ಅದನ್ನ ಓದಬೇಕ್ರಿ,' ಎಂದ. ಅಷ್ಟೇ.

ಅಕ್ಕ ನನ್ನ ಕೈ ಹಿಡಿದುಕೊಂಡಳು. 'ಬರದಾನಂತ ಲೇ. ಏನು ಬರದಾನೋ?'

ಆತ ಹೇಳಿದ್ದು ನಾನು ರಫ್ ಕಟ್ಟಿಗೆ ಎಸೆದ ಹಾಳೆಗಳ ಮಾತು ಎಂದು ನನಗೆ ಆಗಲೇ ತಿಳಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಸುಮ್ಮನೆ ಕೂತೆ.

ಏಳು ವರ್ಷ ಶಿಕ್ಷೆ ಆಯಿತು. ಆದೇಶದಲ್ಲಿ ಒಂದು ಮಾತು ಇತ್ತು: ಆರೋಪಿಗೆ ಮಕ್ಕಳೇ ಇಲ್ಲ, ಇಬ್ಬರು ಮಕ್ಕಳಿದ್ದಾರೆಂದು ಬರೆದಿದ್ದಾನೆ, ಶಿಕ್ಷೆಯ ಹೊತ್ತಿನಲ್ಲೂ ಸುಳ್ಳು ಹೇಳುವವನಲ್ಲಿ ಪಶ್ಚಾತ್ತಾಪ ಕಾಣುವುದಿಲ್ಲ. ಆ ಇಬ್ಬರು ಮಕ್ಕಳು ನನ್ನ ಫೈಲಿನ ಮಕ್ಕಳು. ಯಾರದೋ ಕೇಸಿಗೆ ಹುಟ್ಟಿ, ಅಳಿಸುವವರಿಲ್ಲದೆ ಉಳಿದುಕೊಂಡಿದ್ದವು.

ಹೊರಗೆ ಚಹಾದಂಗಡಿಯಲ್ಲಿ ಏಳು ವರ್ಷ ಏನೂ ಅಲ್ಲ ಎನ್ನುವವರೇ ಎಲ್ಲ. ಸೈಕಲ್ ಕದ್ದವನಿಗೆ ಮೂರು ವರ್ಷ, ಊರನ್ನೇ ಮುಳುಗಿಸಿದವನಿಗೆ ಏಳೇ ಎಂದು ಒಬ್ಬ ಮೇಜು ಗುದ್ದಿದ. ನನಗೂ ಹಾಗೇ ಅನಿಸಿತು. ಇವತ್ತಿಗೂ ಎಷ್ಟು ಕೊಟ್ಟಿದ್ದರೆ ಸರಿಯಾಗುತ್ತಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಆ ಏಳರಲ್ಲಿ ನನ್ನ ಫೈಲಿನ ಪಾಲು ಎಷ್ಟು ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಕ್ಕ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. 'ಅವಾ ಬರದದ್ದರ ಕಾಪಿ ತಗಸ್ಲೇ, ನೀ ಕೋರ್ಟಿನ ಮುಂದ ಕುಂದ್ರಾಕಿ.' ತೆಗೆಸುತ್ತೇನೆ ಎಂದೆ. ಅರ್ಜಿ ಹಾಕಿದ್ದೇನೆ ಎಂದೆ. ರಜೆ ಬಂತು ಎಂದೆ. ಫೈಲು ಅಪೀಲಿಗೆ ಹೋಗಿದೆ ಎಂದೆ. ಕಾಪಿ ತೆಗೆಸಿದರೆ ಬರುವುದು ನನ್ನದೇ ಟೈಪು ಎಂದು ನನಗೆ ಗೊತ್ತಿತ್ತಲ್ಲ. ಆ ಹಾಳೆಗಳನ್ನು ಹುಡುಕಿ ಓದಬಹುದಿತ್ತು. ಓದಲಿಲ್ಲ. ಅದರಲ್ಲಿ ಏನೂ ಇಲ್ಲ, ನಾಟಕವೇ ಎಂದು ನನಗೆ ನಾನೇ ಹೇಳಿಕೊಂಡೆ. ಇದ್ದರೆ ಏನು ಗತಿ ಅನ್ನುವ ಹೆದರಿಕೆಯೇ ಅದು, ಬೇರೇನಲ್ಲ.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪ್ರಿಂಟರಿಗೆ ಹೊಸ ಶಾಯಿ ಹಾಕಿ, ರಫ್ ಕಟ್ಟಿನ ಕೆಳಗಿನಿಂದ ನಾಲ್ಕು ಹಾಳೆ ಎಳೆದು ಒಳಗೆ ತಳ್ಳಿದೆ. ಮೂರನೆಯದು ಹೊರಬಂದಾಗ ಹಿಂದಿನ ಮಗ್ಗುಲಲ್ಲಿ ದುಂಡಗಿನ ಅಕ್ಷರ ಕಂಡಿತು. ಆತನ ಕಾಗದದ ಎರಡನೇ ಹಾಳೆ. ಇನ್ನು ಓದದೆ ಇರಲು ಆಗಲಿಲ್ಲ.

'ಕುರುಗೋಡಿನ ಹೊಲಿಗೆ ಅಕ್ಕನವರಿಗೆ ಏನೂ ಗೊತ್ತಿರಲಿಲ್ಲ. ಒಂದು ರೂಪಾಯಿ ಕಮಿಷನ್ ಮುಟ್ಟಿಲ್ಲ. ಕಂಪನಿ ಮುಳುಗುತ್ತದೆ ಎಂದು ನನಗೆ ಗೊತ್ತಾದ ಮೇಲೆ ಆಕೆ ಬಂದು, ಓಣಿಯವರ ದುಡ್ಡು ವಾಪಸು ಕೊಡಿ ಎಂದು ಎರಡು ಸಲ ಕೇಳಿದರು. ಎರಡು ತಿಂಗಳು ತಡೀರಿ ಎಂದು ಸುಳ್ಳು ಹೇಳಿ ಕಳಿಸಿದೆ. ಅದನ್ನೇ ಆಕೆ ಓಣಿಯವರಿಗೆ ಹೇಳಿದರು. ಆ ಸುಳ್ಳು ನನ್ನದು. ನನಗೆ ಶಿಕ್ಷೆ ಕಡಿಮೆ ಮಾಡಿರೆಂದು ಕೇಳುವುದಿಲ್ಲ. ಇದನ್ನು ಎಲ್ಲರ ಮುಂದೆ ಓದಿಸಬೇಕೆಂದು ಮಾತ್ರ ಕೇಳುತ್ತೇನೆ.' ಕೆಳಗೆ ಸಹಿ.

ಕಟ್ಟೆಲ್ಲಾ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಮೊದಲ ಹಾಳೆ ಹುಡುಕಿದೆ. ಸಿಗಲಿಲ್ಲ. ಯಾವನೋ ಗಿರಾಕಿಗೆ ಲೆಕ್ಕ ಗೀಚಿಕೊಟ್ಟಿರಬೇಕು. ಜೈಲಿನ ಸೀಲೂ ಅದರ ಜೊತೆಗೇ ಹೋಯಿತು. ನೆಲದ ಮೇಲೆ ಕೂತು ಅತ್ತೆ. ಜೆರಾಕ್ಸಿಗೆ ಬಂದ ಒಬ್ಬಾತ ಬಾಗಿಲಲ್ಲಿ ನಿಂತು, ನೋಡಿ, ಹಾಗೇ ಹೋದ.

ಗುಮಾಸ್ತನಿಗೆ ತೋರಿಸಿದೆ. 'ಅಕ್ಕಾರ, ಇದನ್ನ ಕೊಟ್ಟಿದ್ರ ಅಪೀಲು ಅಲ್ಲಿಗೇ ಮುಗೀತಿತ್ತು. ಸುಳ್ಳು ಹೇಳೀನಿ ಅಂತ ಅವನ ಕೈಲೇ ಬರದಾನ. ಸಾಹೇಬ್ರು ಅವನ್ನ ಉಳಸಾಕ ನೋಡಿದ್ರು,' ಎಂದ. ಅವನ ಮಾತು ತಪ್ಪು ಅಂತಲೂ ಹೇಳಲಾರೆ. ವಕೀಲರಿಗೆ ವರ್ಷಗಳ ಚಿಂತೆ, ಆತನಿಗೆ ಬೇರೆ ಚಿಂತೆ ಇತ್ತು. ನನಗೆ ಯಾವ ಚಿಂತೆಯೂ ಇರಲಿಲ್ಲ, ಸಿಟ್ಟು ಮಾತ್ರ ಇತ್ತು.

ಮರುದಿನ ಅಂಗಡಿ ಮುಚ್ಚಿ ಕುರುಗೋಡಿನ ಬಸ್ಸು ಹತ್ತಿದೆ. ಅಕ್ಕ ದಿಂಬಿನ ಕವರು ಹೊಲಿಯುತ್ತಿದ್ದಳು. ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಇನ್ನೊಂದು ಸಲ ಓದಿದಳು. ಕಣ್ಣು ತುಂಬಿಕೊಂಡವು. ಆಮೇಲೆ ಕೇಳಿದಳು: 'ಇದು ನಿನ್ನ ಹತ್ರ ಯಾವಾಗಿಂದ ಐತಿ?'

ಹೇಳಿದೆ. ಎಲ್ಲಾ ಹೇಳಿದೆ.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಹಾಳೆ ಮಡಚಿ ವಾಪಸು ನನ್ನ ಕೈಗಿಟ್ಟಳು. 'ಇದರ ಮ್ಯಾಲ ಸೀಲಿಲ್ಲ, ಏನಿಲ್ಲ. ನಾ ತೋರಿಸಿದ್ರ, ತಂಗಿ ಅಂಗಡ್ಯಾಗ ಬರಿಸ್ಯಾಳ ಅಂತಾರ. ನೀನ ಹೋಗಿ ಓದು. ಯಾಕ ಇಷ್ಟು ದಿನ ಆತು ಅನ್ನೋದನ್ನೂ ಹೇಳು. ಆವಾಗ ನಂಬಿದ್ರ ನಂಬತಾರ.'

ಎದುರುಮನೆಯ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದರು. ನಡುವೆ ನಮ್ಮ ಓಣಿಯ ಹಿರಿಯಜ್ಜಿ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡಾಕೆ. ಘಾಟಿಗೆ ಕೆಮ್ಮು ಬಂತು. ಎರಡು ಹೆಜ್ಜೆ ದೂರ ನಿಂತು ಶುರು ಮಾಡಿದೆ.

'ಅವತ್ತ ಕೆಲಸ ಭಾಳ ಇತ್ರಿ. ಗಂಡ ಹೋದ ಮ್ಯಾಲ ಮನಿಗೆ ದುಡಿಯಾಕಿ ನಾನೊಬ್ಬಾಕಿನ...'

ಅಲ್ಲಿಗೇ ನಾಲಿಗೆ ನಿಂತಿತು. ಇಪ್ಪತ್ತೈದು ವರ್ಷ ಕಂಡವರಿಗೆಲ್ಲ ಟೈಪು ಮಾಡಿಕೊಟ್ಟ ಅದೇ ಸಾಲು ನನ್ನ ಬಾಯಿಂದಲೇ ಬರುತ್ತಿತ್ತು. ನಾಚಿಕೆಯಿಂದ ಸತ್ತುಹೋದೆ.

'ಕೆಲಸ ಏನೂ ಇರಲಿಲ್ಲ,' ಎಂದೆ. 'ಅವನ ಕಾಗದ ನನ್ನ ಕೈಗೆ ಬಂದಿತ್ತು. ಸಿಟ್ಟಿಲೇ ಓದಲಿಲ್ಲ, ಬಿಸಾಕಿದೆ. ಆಮ್ಯಾಲ ಹೆದರಿ ಅಕ್ಕಗ ಸುಳ್ಳು ಹೇಳಿದೆ. ತಪ್ಪು ನಂದು.' ಹಾಳೆ ಬಿಚ್ಚಿ ಓದಿದೆ. ಸಹಿಯವರೆಗೆ ಓದಿದೆ.

ಒಬ್ಬಾಕೆ ಹಾಳೆ ಇಸಿದುಕೊಂಡು, ತಿರುವಿ, ಹಿಂದಿನ ಶಾಯಿಯ ಗೆರೆ ನೋಡಿ ಕೊಟ್ಟಳು. ಅಜ್ಜಿ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಅಕ್ಕನ ತೆರೆದ ಬಾಗಿಲ ಕಡೆ ಕತ್ತೆತ್ತಿದಳು.

'ಏ ಯವ್ವಾ, ನನ್ನ ಸೊಸಿ ಬ್ಲೌಸು ಬಳ್ಳಾರ್‍ಯಾಗ ಕೊಟ್ಟು ಕೆಡಿಸ್ಕೊಂಡಾಳ. ನಾಳಿ ತರ್ತೀನಿ, ಬಿಚ್ಚಿ ಹೊಲಿ.'

ಒಳಗೆ ಹೊಲಿಗೆ ಮಷಿನ್ನು ಓಡುತ್ತಲೇ ಇತ್ತು. ಅಜ್ಜಿ ನನ್ನ ಕಡೆ ತಿರುಗಿದಳು. ನಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

'ಅವಗ ಏಳು ವರ್ಷ ಕೊಟ್ರಂತ. ನಿನಗ ಎಷ್ಟು ಕೊಡಬೇಕಬೇ?'

ಒಳಗೆ ಹೊಲಿಗೆ ಮಷಿನ್ನು ನಿಂತಿತು.

'ಆಕಿ ಶಿಕ್ಷಾ ನಾನ ಉಂಡು ಮುಗಿಸೀನಿ ಬಿಡಬೇ,' ಎಂದಳು ಅಕ್ಕ. 'ಎಂಟು ತಿಂಗಳು.'